ಪುಣೆಯ ರಾಕ್ ಹಬ್ಬಗಳು: ನೆಲ, ಹಣ, ರಾತ್ರಿ ಹತ್ತು ಗಂಟೆ

ಪುಣೆಯಲ್ಲಿ ಲೋನಾವಳದ ಲೋಕಲ್ ರೈಲು ಹತ್ತಿದರೆ, ಕೊನೆಯ ನಿಲ್ದಾಣಕ್ಕೆ ಒಂದು ಸ್ಟೇಷನ್ ಮೊದಲು ಮಳವಲಿ ಎಂಬ ಸಣ್ಣ ಊರು ಸಿಗುತ್ತದೆ. ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿಗೂ ಇದಕ್ಕೂ ಹೆಸರಿನ ಹೋಲಿಕೆ ಬಿಟ್ಟರೆ ಬೇರೆ ನಂಟಿಲ್ಲ. ಕಾರ್ಲಾ, ಭಾಜಾ ಗುಹೆಗಳನ್ನು ನೋಡಲು ಬಂದವರು, ಲೋಹಗಡದ ಕೋಟೆ ಹತ್ತುವವರು ಇಲ್ಲಿ ಇಳಿಯುತ್ತಾರೆ. 1971ರಲ್ಲಿ ಇಲ್ಲಿ ಇಳಿದವರಲ್ಲಿ ಗಿಟಾರು ಹೊತ್ತ, ಕೂದಲು ಬಿಟ್ಟ ಹುಡುಗರೂ ಇದ್ದರು. ಆ ವರ್ಷ ಮಳವಲಿಯ ಬಯಲಿನಲ್ಲಿ 'ಸ್ನೇಹ ಯಾತ್ರಾ' ಎಂಬ ರಾಕ್ ಸಂಗೀತದ ಹಬ್ಬ ನಡೆಯಿತು. ಅದನ್ನು 'ಭಾರತದ ವುಡ್‌ಸ್ಟಾಕ್' ಎಂದು ಇಂದಿಗೂ ಕರೆಯುವವರಿದ್ದಾರೆ.

ವುಡ್‌ಸ್ಟಾಕ್ ನಡೆದದ್ದು 1969ರ ಆಗಸ್ಟ್‌ನಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಹೈನು ತೋಟದಲ್ಲಿ. ಸುಮಾರು 4 ಲಕ್ಷ ಜನ ಸೇರಿದ್ದ ಆ ಹಬ್ಬದ ಮೊದಲ ದಿನ ಮಳೆಯಲ್ಲಿ ರವಿಶಂಕರರ ಸಿತಾರ್ ಕೂಡ ಇತ್ತು. ಮರುವರ್ಷ ಅದರ ಸಾಕ್ಷ್ಯಚಿತ್ರ ಬಂತು. ಊರಿನಿಂದಾಚೆ ಒಂದು ಬಯಲು, ತೆರೆದ ಆಕಾಶ, ರಾತ್ರಿ ಹಗಲೆನ್ನದ ಸಂಗೀತ: ಹಬ್ಬವೆಂದರೆ ಹೀಗಿರಬೇಕು ಎಂಬ ಕಲ್ಪನೆ ಲೋಕಕ್ಕೆಲ್ಲ ಹಬ್ಬಿದ್ದು ಅಲ್ಲಿಂದ. ಮಳವಲಿಯವರು ಕಂಡದ್ದೂ ಅದೇ ಕನಸು.

ಮಳವಲಿಯಿಂದ ಇಲ್ಲಿಯವರೆಗಿನ ಅರ್ಧ ಶತಮಾನದಲ್ಲಿ ಪುಣೆಯ ಸುತ್ತ ಇಂಥ ಹಬ್ಬಗಳು ಬದಲಾದ ಕಥೆಯನ್ನು ಸಾಮಾನ್ಯವಾಗಿ ಬ್ಯಾಂಡುಗಳ ಹೆಸರು ಹಿಡಿದು ಹೇಳುತ್ತಾರೆ. ನನಗೆ ತೋರುವಂತೆ ಅಭಿರುಚಿ ಬದಲಾದದ್ದು ಕಥೆಯ ಒಂದು ಪಾಲು ಮಾತ್ರ. ಹಬ್ಬಕ್ಕೆ ನೆಲ ಯಾರು ಕೊಟ್ಟರು, ಹಣ ಯಾರು ಕೊಟ್ಟರು, ಅದು ಎಷ್ಟು ಹೊತ್ತಿಗೆ ಮುಗಿಯಬೇಕೆಂದು ಯಾರು ತೀರ್ಮಾನಿಸಿದರು ಎಂಬ ಮೂರು ಪ್ರಶ್ನೆಗಳಲ್ಲಿ ಉಳಿದ ಪಾಲು ಇದೆ.

ಮೊದಲು ಹಣದ ಮಾತು. 1970ರ ಆಸುಪಾಸಿನಲ್ಲಿ ನಮ್ಮ ದೇಶದ ರಾಕ್ ಬ್ಯಾಂಡುಗಳಿಗೆ ದೊಡ್ಡ ವೇದಿಕೆಯಾಗಿದ್ದದ್ದು 'ಸಿಮ್ಲಾ ಬೀಟ್' ಸ್ಪರ್ಧೆ. ಸಿಮ್ಲಾ ಎಂಬುದು ಇಂಪೀರಿಯಲ್ ಟೊಬ್ಯಾಕೊ ಕಂಪನಿಯ ಸಿಗರೇಟಿನ ಹೆಸರು. ಗೆದ್ದ ಬ್ಯಾಂಡುಗಳ ಹಾಡುಗಳು 1970 ಮತ್ತು 1971ರಲ್ಲಿ ಎಲ್‌ಪಿ ತಟ್ಟೆಗಳಾಗಿ ಬಂದವು. ಸಿನಿಮಾ ಸಂಗೀತವೊಂದೇ ಮಾರುವ ದೇಶದಲ್ಲಿ ಇಂಗ್ಲಿಷ್ ಹಾಡು ಕಟ್ಟುವ ಹುಡುಗರಿಗೆ ರೆಕಾರ್ಡಿಂಗ್ ಮಾಡಿಸಿಕೊಟ್ಟದ್ದು ಹೊಗೆಸೊಪ್ಪಿನ ದುಡ್ಡು. ಯುವಕರ ಸಂಗೀತಕ್ಕೆ ಹಣ ಹಾಕಲು ಮುಂದೆ ಬರುತ್ತಿದ್ದದ್ದು ಯುವಕರನ್ನೇ ಗಿರಾಕಿಗಳಾಗಿ ಮಾಡಿಕೊಳ್ಳಬೇಕಿದ್ದ ಉದ್ಯಮ. ಇದು ಮುಂದೆಯೂ ತಪ್ಪಲಿಲ್ಲ.

1986ರಲ್ಲಿ ಮುಂಬೈಯ ರಂಗಭವನದಲ್ಲಿ 'ಇಂಡಿಪೆಂಡೆನ್ಸ್ ರಾಕ್' ಆರಂಭವಾಯಿತು. ಧೋಬಿ ತಲಾವ್ ಬಳಿಯ ಈ ಬಯಲು ರಂಗಮಂದಿರ ಮುಂಬೈ, ಪುಣೆಗಳ ರಾಕ್ ಪ್ರೇಮಿಗಳಿಗೆ ತೀರ್ಥಸ್ಥಳದಂತಾಯಿತು. 1993ರಲ್ಲಿ ಅಲಹಾಬಾದಿನಿಂದ 'ರಾಕ್ ಸ್ಟ್ರೀಟ್ ಜರ್ನಲ್' ಪತ್ರಿಕೆ ಹೊರಟಿತು. ಅದೇ ಬಳಗ 1997ರಲ್ಲಿ 'ಗ್ರೇಟ್ ಇಂಡಿಯನ್ ರಾಕ್' ಹಬ್ಬ ತೆರೆದು, ಬೇರೆಯವರ ಹಾಡನ್ನು ಹಾಡುವುದು ಸಾಕು, ನಿಮ್ಮದೇ ತನ್ನಿ ಎಂದು ಬ್ಯಾಂಡುಗಳನ್ನು ಹುರಿದುಂಬಿಸಿತು. ಇತ್ತ ಬೆಂಗಳೂರಿನಲ್ಲಿ 1996ರಿಂದ ಸ್ವಾತಂತ್ರ್ಯ ದಿನದ ಆಸುಪಾಸು 'ಫ್ರೀಡಂ ಜ್ಯಾಮ್' ನಡೆಯತೊಡಗಿತು. ಇನ್ನುಳಿದದ್ದೆಲ್ಲ ಕಾಲೇಜು ಹಬ್ಬಗಳು. ಪುಣೆಯಂಥ ವಿದ್ಯಾರ್ಥಿಗಳ ಊರಿನಲ್ಲಿ ಬ್ಯಾಂಡೊಂದು ಮೊದಲು ವೇದಿಕೆ ಹತ್ತುತ್ತಿದ್ದದ್ದು ಯಾವುದೋ ಎಂಜಿನಿಯರಿಂಗ್ ಕಾಲೇಜಿನ ಮೈದಾನದಲ್ಲೇ. ರಾಕ್‌ಗಿಂತ ವೇಗವಾದ, ಗಿಟಾರಿನ ದನಿಯನ್ನು ಬೇಕೆಂದೇ ಒರಟಾಗಿಸಿದ, ಕೆಲವೊಮ್ಮೆ ಹಾಡಿಗಿಂತ ಗರ್ಜನೆಯೇ ಹೆಚ್ಚಾದ ಮೆಟಲ್ ಬೇರು ಬಿಟ್ಟದ್ದೂ ಇಂಥ ಮೈದಾನಗಳಲ್ಲಿ.

ರಂಗಭವನದ ಪರಿಷೆ 2003ರ ಸುಮಾರಿಗೆ ನಿಂತಿತು. ಕಾರಣ ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳು. ಆಸ್ಪತ್ರೆ, ಶಾಲೆ ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ; ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಕೂಡದು. ರಂಗಭವನದ ನೆರೆಯಲ್ಲಿ ಆಸ್ಪತ್ರೆಯೂ ಇತ್ತು, ಕಾಲೇಜೂ ಇತ್ತು.

ಈ ನಿಯಮವನ್ನು ಸಂಗೀತದ ಶತ್ರು ಎಂದು ಬಯ್ಯುವುದು ಸುಲಭ. ಆದರೆ 2005ರ ಜುಲೈನಲ್ಲಿ ಅದನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ ತೀರ್ಪಿನ ಹಿನ್ನೆಲೆ ತಿಳಿದರೆ ನಾಲಿಗೆ ತಡೆಯುತ್ತದೆ. 13 ವರ್ಷದ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆದಾಗ ಅವಳ ಕೂಗು ಧ್ವನಿವರ್ಧಕದ ಅಬ್ಬರದಲ್ಲಿ ನೆರೆಯವರಿಗೆ ಕೇಳಿಸಲೇ ಇಲ್ಲ ಎಂಬ ಘಟನೆಯೇ ಆ ಮೊಕದ್ದಮೆಗೆ ಪ್ರೇರಣೆ. ಗಟ್ಟಿ ಸದ್ದನ್ನು ಪ್ರೀತಿಸುವವರು ಮರೆಯಬಾರದ ಸಂಗತಿ ಇದು. ನಿಯಮದಲ್ಲಿ ಒಂದು ಸಣ್ಣ ಕಿಂಡಿಯಿದೆ: ಸಾಂಸ್ಕೃತಿಕ ಅಥವಾ ಧಾರ್ಮಿಕ ಸಂದರ್ಭಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಗಣೇಶೋತ್ಸವದ ನಾಡಿನಲ್ಲಿ ಆ ದಿನಗಳಿಗೆ ಮೊದಲ ಹಕ್ಕುದಾರರು ಯಾರೆಂದು ಹೇಳಬೇಕಿಲ್ಲ.

ಹತ್ತು ಗಂಟೆಯ ಗೆರೆ ರಾಕ್‌ಗಷ್ಟೇ ಬೀಳಲಿಲ್ಲ. ಪುಣೆಯ ಅತಿ ದೊಡ್ಡ ಸಂಗೀತ ಹಬ್ಬ ಕನ್ನಡ ನೆಲದ ಕೂಸು. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ, ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿಯವರು ಗುರುವಿನ ನೆನಪಿಗೆ ಮರುವರ್ಷ ಪುಣೆಯಲ್ಲಿ ಆರಂಭಿಸಿದ ಉತ್ಸವವದು. ರಮಣಬಾಗ್ ಶಾಲೆಯ ಮೈದಾನದಲ್ಲಿ ಡಿಸೆಂಬರಿನ ಚಳಿಗೆ ಶಾಲು ಹೊದ್ದ ಸಾವಿರಾರು ಜನ ರಾತ್ರಿಯಿಡೀ ಕೂತು, ಬೆಳಗಿನ ರಾಗ ಕೇಳಿ ಮನೆಗೆ ಹೋಗುತ್ತಿದ್ದರು. ನಿಯಮ ಬಂದ ಮೇಲೆ ಅಹೋರಾತ್ರಿ ಹೋಗಿ ಸಂಜೆಯ ಕಛೇರಿಗಳು ಉಳಿದವು. ನಡುರಾತ್ರಿಯ ರಾಗಗಳಿಗೆ ಅವುಗಳ ಹೊತ್ತೇ ಇಲ್ಲವಾಯಿತು. 2018ರಲ್ಲಿ ಉತ್ಸವ ಆ ಮೈದಾನವನ್ನೂ ಬಿಟ್ಟು ಮುಕುಂದನಗರಕ್ಕೆ ಹೋಯಿತು. ಐದು ದಶಕದ ಗೌರವ, ದೊಡ್ಡ ದೊಡ್ಡ ಹೆಸರುಗಳು ಬೆನ್ನಿಗಿದ್ದ ಹಬ್ಬಕ್ಕೇ ಹೀಗಾದರೆ, ಕಪ್ಪು ಟೀ ಶರ್ಟಿನ ಹುಡುಗರ ಮಾತು ಕೇಳುವವರು ಯಾರು?

ಆ ಹುಡುಗರು ಬೇರೆ ನೆಲ ಹುಡುಕಿದರು. ಅದು ಸಿಕ್ಕಿದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ. 2007ರ ಮಾರ್ಚ್ 17ರಂದು ಐರನ್ ಮೇಡನ್ ಅಲ್ಲಿ ನುಡಿಸಿತು. ಅದಕ್ಕೂ ಮೊದಲು 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದು ಹೋಗಿತ್ತು ನಿಜ. ಆದರೆ ಮೆಟಲ್‌ನ ಉತ್ತುಂಗದ ಬ್ಯಾಂಡೊಂದು ಭಾರತಕ್ಕೆ ಬಂದದ್ದು ಕೇಳುಗರಿಗೆ ಬೇರೆಯೇ ಸಂಗತಿ. ಮುಂಬೈ, ಪುಣೆ, ಈಶಾನ್ಯದ ಊರುಗಳಿಂದ ಜನ ರಾತ್ರಿ ಬಸ್ಸು, ರೈಲು ಹಿಡಿದು ಬಂದರು. ಆಮೇಲೆ ಮೆಗಾಡೆತ್, ಲ್ಯಾಂಬ್ ಆಫ್ ಗಾಡ್ ಬಂದವು. 2011ರ ಅಕ್ಟೋಬರ್ 28ರಂದು ಗುರುಗ್ರಾಮದಲ್ಲಿ ಮೆಟಾಲಿಕಾ ಕಛೇರಿ ರದ್ದಾಗಿ, ಸಿಟ್ಟಿಗೆದ್ದ ಜನ ವೇದಿಕೆಗೆ ನುಗ್ಗಿದರು. ಆಯೋಜಕರ ಬಂಧನವೂ ಆಯಿತು. ಎರಡೇ ದಿನದ ನಂತರ ಅದೇ ಬ್ಯಾಂಡಿನ ಕಛೇರಿ ಅರಮನೆ ಮೈದಾನದಲ್ಲಿ ಸುಸೂತ್ರವಾಗಿ ನಡೆಯಿತು.

ನಗರದ ನಟ್ಟನಡುವೆ ಅಷ್ಟು ದೊಡ್ಡ ಬಯಲು ಖಾಲಿ ಉಳಿದದ್ದಾದರೂ ಹೇಗೆ? ಅರಮನೆಯ ಜಮೀನನ್ನು ಸ್ವಾಧೀನಪಡಿಸಿಕೊಳ್ಳಲು ಕರ್ನಾಟಕ ಸರ್ಕಾರ 1996ರಲ್ಲಿ ಕಾಯ್ದೆ ಮಾಡಿತು; ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕಟ್ಟಡ ಕಟ್ಟುವಂತಿಲ್ಲದ ಕಡೆ ಶಾಮಿಯಾನ ಹಾಕಬಹುದಲ್ಲ. ಮದುವೆ, ರಾಜಕೀಯ ಸಮಾವೇಶ, ಮೆಟಲ್ ಕಛೇರಿ ಮೂರೂ ಅಲ್ಲಿ ನಡೆದವು. ಬೆಂಗಳೂರನ್ನು ಭಾರತದ ಮೆಟಲ್ ರಾಜಧಾನಿ ಎನ್ನುವವರು ಆ ಕೀರ್ತಿಯಲ್ಲಿ ಒಂದಿಷ್ಟನ್ನು ಕೋರ್ಟು ವ್ಯಾಜ್ಯಕ್ಕೂ ಹಂಚಬೇಕು.

ಪುಣೆಯ ಸರದಿ ಬಂದದ್ದು 2010ರಲ್ಲಿ. ಆ ಫೆಬ್ರವರಿ 13ರಂದು ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ ಬಾಂಬ್ ಸಿಡಿದು 17 ಜನ ಸತ್ತಿದ್ದರು. ಹತ್ತು ತಿಂಗಳ ನಂತರ ಅದೇ ಕೋರೆಗಾಂವ್ ಪಾರ್ಕಿನಲ್ಲಿ 'ಎನ್‌ಎಚ್7 ವೀಕೆಂಡರ್' ಹಬ್ಬ ಆರಂಭವಾಯಿತು. ನಡೆಸಿದ್ದು ಮುಂಬೈಯ 'ಓನ್ಲಿ ಮಚ್ ಲೌಡರ್' ಸಂಸ್ಥೆ. ವಾರಾಣಸಿಯಿಂದ ನಾಗಪುರ, ಬೆಂಗಳೂರು ಹಾದು ಕನ್ಯಾಕುಮಾರಿಗೆ ಹೋಗುತ್ತಿದ್ದ ಹಳೆಯ ಹೆದ್ದಾರಿ 7ನ್ನು ನೆನಪಿಸುವ ಹೆಸರು. ಆ ಹೆದ್ದಾರಿ ಪುಣೆಯನ್ನು ಮುಟ್ಟುವುದೂ ಇಲ್ಲ. ಆದರೂ ಪುಣೆಯ ಅನುಕೂಲಗಳು ಕಣ್ಣಿಗೆ ಕಾಣುವಂಥವು: ಕಾಲೇಜುಗಳು, ಹಿಂಜವಡಿಯ ಐಟಿ ನೌಕರರು, ಮುಂಬೈಯಿಂದ ಎಕ್ಸ್‌ಪ್ರೆಸ್‌ವೇ, ಅಂಚಿನಲ್ಲಿ ಇನ್ನೂ ಉಳಿದಿದ್ದ ಖಾಲಿ ನೆಲ.

ವೀಕೆಂಡರ್ ಹಬ್ಬದ ವ್ಯಾಕರಣವನ್ನೇ ಬದಲಿಸಿತು. ಅಲ್ಲಿಯವರೆಗೆ ಒಂದು ವೇದಿಕೆ, ಒಂದು ದೊಡ್ಡ ಹೆಸರು, ಅದರ ಮುಂದೆ ಇಡೀ ಜನ. ಇಲ್ಲಿ ಮೂರು ದಿನ, ಹಲವು ವೇದಿಕೆ. ಏಕಕಾಲಕ್ಕೆ ಒಂದು ಕಡೆ ಜಾನಪದ, ಇನ್ನೊಂದು ಕಡೆ ಎಲೆಕ್ಟ್ರಾನಿಕ್, ಮತ್ತೊಂದು ಕಡೆ ಮೆಟಲ್. ಶಿಶುನಾಳ ಷರೀಫರ ಪದಗಳನ್ನು ಗಿಟಾರಿಗೆ ಒಗ್ಗಿಸಿದ ರಘು ದೀಕ್ಷಿತ್, ಕನ್ನಡದಲ್ಲೂ ಹಾಡುವ ಬೆಂಗಳೂರಿನ 'ಸ್ವರಾತ್ಮ' ಈ ವೇದಿಕೆಗಳಲ್ಲಿ ಕುಣಿಸಿದ್ದುಂಟು. ಕುಂದಗೋಳದ ಗಾಯಕಿ ಪುಣೆಗೆ ಬಂದ ಎಷ್ಟೋ ವರ್ಷದ ಮೇಲೆ, ಅಲ್ಲಿಂದ ಅಷ್ಟೇನೂ ದೂರವಿಲ್ಲದ ಶಿಶುನಾಳದ ಪದಗಳೂ ಅದೇ ಊರಿಗೆ ಬಂದವು. ಆಮೇಲೆ ಹಬ್ಬ ಬೆಂಗಳೂರು, ಕೋಲ್ಕತ್ತ, ಶಿಲ್ಲಾಂಗ್‌ಗಳಿಗೂ ಹೋಯಿತು.

ಹಣ ಎಲ್ಲಿಂದ? ಹಬ್ಬದ ಪೂರ್ತಿ ಹೆಸರಿನ ಮುಂದೆ ಬಕಾರ್ಡಿ ಎಂಬ ಮದ್ಯದ ಹೆಸರಿತ್ತು. 2003ರ ಕಾಯ್ದೆಯಿಂದ ಸಿಗರೇಟು ಕಂಪನಿಗಳಿಗೆ ಪ್ರಾಯೋಜಕತ್ವದ ಬಾಗಿಲು ಮುಚ್ಚಿತ್ತು. ಟಿವಿಯಲ್ಲಿ ಜಾಹೀರಾತು ಕೊಡಲಾಗದ ಮದ್ಯದ ಕಂಪನಿಗಳು ಆ ಜಾಗಕ್ಕೆ ಬಂದವು. ಮಹಾರಾಷ್ಟ್ರದಲ್ಲಿ ರಮ್ಮು, ವಿಸ್ಕಿ ಕುಡಿಯಲು ಕಾನೂನಿನ ಪ್ರಕಾರ 25 ತುಂಬಿರಬೇಕು. ಕಾಲೇಜು ಹುಡುಗರೇ ಜೀವಾಳವಾದ ಹಬ್ಬಕ್ಕೆ, ಆ ಹುಡುಗರು ಕುಡಿಯಬಾರದ ಸರಕಿನಿಂದ ಹಣ. ಸಿಮ್ಲಾ ಬೀಟ್‌ನ ಕಾಲದಿಂದ ಬದಲಾದದ್ದು ಹೊಗೆ ಹೋಗಿ ದ್ರವ ಬಂದದ್ದಷ್ಟೇ.

ನೆಲವಂತೂ ಒಂದೇ ಕಡೆ ನಿಲ್ಲಲಿಲ್ಲ. ಕೋರೆಗಾಂವ್ ಪಾರ್ಕಿನಿಂದ ಹಡಪ್ಸರದ ಅಮನೋರಾ ಟೌನ್‌ಶಿಪ್ಪಿಗೆ, ಆಮೇಲೆ ಮದುವೆಗಳಿಗೆ ಹೆಸರಾದ ಮಹಾಲಕ್ಷ್ಮಿ ಲಾನ್ಸಿಗೆ. ನಿನ್ನೆ ಹೊಲವಾಗಿದ್ದು ನಾಳೆ ಅಪಾರ್ಟ್‌ಮೆಂಟ್ ಆಗಲಿರುವ ನೆಲ, ನಡುವಿನ ಕೆಲವು ವರ್ಷ ಹಬ್ಬಕ್ಕೆ ಸಿಗುತ್ತದೆ. ಅಪಾರ್ಟ್‌ಮೆಂಟಿಗೆ ಜನ ಬಂದರೆ ಸದ್ದಿನ ದೂರೂ ಬರುತ್ತದೆ. ಹಬ್ಬ ಮತ್ತೆ ಅಂಚಿಗೆ ಸರಿಯಬೇಕು.

ಇಷ್ಟೆಲ್ಲದರ ನಡುವೆ ಪುಣೆಯ ಕೇಳುಗರಿಗೆ ಸಿಕ್ಕಿದ್ದೇನೂ ಕಡಿಮೆಯಲ್ಲ. 2016ರಲ್ಲಿ ಸ್ಟೀವನ್ ವಿಲ್ಸನ್, 2018ರಲ್ಲಿ ಜೋ ಸಾಟ್ರಿಯಾನಿ, 2019ರಲ್ಲಿ ಸ್ವೀಡನ್ನಿನ ಓಪೆತ್. ಒಂದು ಕಾಲಕ್ಕೆ ಇವರ ಕ್ಯಾಸೆಟ್ಟು ಒಬ್ಬರಿಂದೊಬ್ಬರಿಗೆ ನಕಲಾಗುತ್ತಿದ್ದ ಊರು ಇದು. ಆದರೆ ಯಾರೇ ಬರಲಿ, ಹತ್ತು ಗಂಟೆಗೆ ಸದ್ದು ನಿಲ್ಲಬೇಕು. ಹಾಗಾಗಿ ಹಬ್ಬ ಮಧ್ಯಾಹ್ನವೇ ಶುರುವಾಗುತ್ತದೆ. ಹೊರನಾಡಿನ ಹೆಸರುಗಳಿಗೆ ಸಂಜೆಯ ತಂಪು. ಊರಿನ ಹೊಸ ಬ್ಯಾಂಡಿಗೆ ಮೂರು ಗಂಟೆಯ ಬಿಸಿಲು, ಇನ್ನೂ ಗೇಟಿನಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಿರುವ ಜನ.

ಇದಕ್ಕೆ ಬೇರೆ ದಾರಿಯೇ ಇಲ್ಲವೇ? ಉತ್ತರ ಜರ್ಮನಿಯ ವಾಕೆನ್ ಎಂಬ ಹಳ್ಳಿಯ ಜನಸಂಖ್ಯೆ ಎರಡು ಸಾವಿರದಷ್ಟು. 1990ರಲ್ಲಿ ಅಲ್ಲಿ ಮೆಟಲ್ ಹಬ್ಬ ಆರಂಭವಾದಾಗ ಬಂದವರು ಸುಮಾರು 800 ಜನ. ಈಗ ಬರುವವರು 80 ಸಾವಿರದ ಆಸುಪಾಸು. ಹಬ್ಬ ಇಂದಿಗೂ ಅದೇ ಹಳ್ಳಿಯ ಹೊಲಗಳಲ್ಲೇ ನಡೆಯುತ್ತದೆ. ಹೊಲ ಕೊಡುವವರೂ ಊರವರೇ, ಬಂದವರಿಗೆ ಅನ್ನ ನೀರು ಮಾರುವವರೂ ಊರವರೇ. ಸದ್ದಿನಿಂದ ತೊಂದರೆ ಪಡುವವರಿಗೇ ಲಾಭದಲ್ಲಿ ಪಾಲಿರುವುದರಿಂದ ಹಬ್ಬ ಬೇರೂರಿದೆ. 2012ರಲ್ಲಿ ಆರಂಭವಾದ ಬೆಂಗಳೂರಿನ ಮೆಟಲ್ ಹಬ್ಬ 'ಬ್ಯಾಂಗಲೋರ್ ಓಪನ್ ಏರ್' ವಾಕೆನ್ ಜೊತೆ ನಂಟು ಬೆಳೆಸಿತು; ಇಲ್ಲಿನ ಸ್ಪರ್ಧೆಯಲ್ಲಿ ಗೆದ್ದ ಬ್ಯಾಂಡಿಗೆ ಅಲ್ಲಿ ನುಡಿಸುವ ಅವಕಾಶ. ಬೆಂಗಳೂರಿನ 'ಕ್ರಿಪ್ಟೋಸ್' 2013ರಲ್ಲಿ ವಾಕೆನ್ ವೇದಿಕೆ ಹತ್ತಿತು.

ಕೋವಿಡ್ ಎರಡು ವರ್ಷ ಎಲ್ಲವನ್ನೂ ನಿಲ್ಲಿಸಿತು. 2022ರ ನವೆಂಬರಿನಲ್ಲಿ ವೀಕೆಂಡರ್ ಪುಣೆಯಲ್ಲಿ ನಡೆದಾಗ ಮುಖ್ಯ ಹೆಸರು ಅಮೆರಿಕದ ಮೃದು ದನಿಯ ಜಾನಪದ ಬ್ಯಾಂಡು ಲ್ಯೂಮಿನಿಯರ್ಸ್. 2023ರ ಜನವರಿಯಲ್ಲಿ ಅಮೆರಿಕದ ಲೊಲ್ಲಾಪಲೂಜಾ ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ ಬಂತು. ದೊಡ್ಡ ಹಣ, ದೊಡ್ಡ ಹೆಸರುಗಳು ಎಕ್ಸ್‌ಪ್ರೆಸ್‌ವೇಯ ಆ ತುದಿಗೆ ಸರಿದವು.

ಹಾಗೆಂದು ಪುಣೆಯಲ್ಲಿ ಮೆಟಲ್ ಸತ್ತಿಲ್ಲ; ಅದು ಒಳಗೆ ಹೋಗಿದೆ. ಶಬ್ದದ ಅದೇ ನಿಯಮ ಮುಚ್ಚಿದ ಸಭಾಂಗಣಗಳಿಗೆ ರಾತ್ರಿಯ ನಿಷೇಧದಿಂದ ರಿಯಾಯಿತಿ ಕೊಟ್ಟಿದೆ. ಆದ್ದರಿಂದ ಇನ್ನೂರು ಜನ ಹಿಡಿಸುವ ಕೋಣೆಗಳಲ್ಲಿ ಊರಿನ ಬ್ಯಾಂಡುಗಳು ನುಡಿಸುತ್ತವೆ. ಅತ್ತ ಕುಂದಗೋಳದಲ್ಲೂ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತ ನಾಡಿಗೇರ ವಾಡೆಯೊಳಗೆ ನಡೆಯುತ್ತದೆ, ಅಹೋರಾತ್ರಿ, ಟಿಕೆಟ್ಟಿಲ್ಲದೆ. ಅಲ್ಲಿ ನೆಲ ಊರಿನದು, ಕೇಳುವವರೂ ನೆರೆಯವರೇ. ಪುಣೆಯ ರಾಕ್ ಹಬ್ಬಗಳಿಗೆ ಐವತ್ತು ವರ್ಷದಲ್ಲಿ ಒಳ್ಳೆಯ ಬ್ಯಾಂಡು ಸಿಕ್ಕಿತು, ಒಳ್ಳೆಯ ಸೌಂಡ್ ಸಿಕ್ಕಿತು, ಹಣವೂ ಸಿಕ್ಕಿತು. ತಮ್ಮದೆನ್ನುವ ನೆಲ ಮತ್ತು ತಮ್ಮನ್ನು ಒಪ್ಪುವ ನೆರೆಹೊರೆ ಮಾತ್ರ ಇನ್ನೂ ಸಿಕ್ಕಿಲ್ಲ.