ಟೆಸ್ಟ್ ಕಡತದ ವಿಳಾಸ

ದೊಡ್ಡ ಸಾಫ್ಟ್‌ವೇರಿನಲ್ಲಿ ಯೂನಿಟ್ ಟೆಸ್ಟ್‌ಗಳನ್ನು ಎಲ್ಲಿಡಬೇಕು ಎಂಬುದು ಬರೀ ಫೋಲ್ಡರ್ ಜೋಡಿಸುವ ಕೆಲಸವೆಂದು ತಿಳಿಯುವವರೇ ಹೆಚ್ಚು. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಟೆಸ್ಟ್ ಇರುವ ಜಾಗ ಬದಲಾದಂತೆಲ್ಲ ಅದನ್ನು ಯಾರು ಓದುತ್ತಾರೆ, ಕೆಟ್ಟಾಗ ಯಾರು ಕೈಹಾಕುತ್ತಾರೆ ಎಂಬುದೂ ಬದಲಾಗುತ್ತ ಬಂದಿದೆ. 1987ರ ಡಿಸೆಂಬರಿನಲ್ಲಿ ಲ್ಯಾರಿ ವಾಲ್ ಪರ್ಲ್ ಭಾಷೆಯ ಮೊದಲ ಆವೃತ್ತಿಯನ್ನು ಹೊರತಂದಾಗ ಅದರೊಳಗೆ ‘ಟಿ’ ಎಂಬ ಒಂದಕ್ಷರದ ಫೋಲ್ಡರ್ ಇತ್ತು. ಅಲ್ಲಿನ ಕಡತ ಮೊದಲು ತನ್ನಲ್ಲಿ ಎಷ್ಟು ಪರೀಕ್ಷೆಗಳಿವೆ ಎಂದು ಹೇಳಿ, ಆಮೇಲೆ ಸಾಲಿಗೊಂದರಂತೆ ‘ಓಕೆ 1’, ‘ಓಕೆ 2’ ಎಂದು ಅಚ್ಚೊತ್ತುತ್ತಿತ್ತು. ಕೋಡ್ ಹೋದಲ್ಲೆಲ್ಲ ಪರೀಕ್ಷೆಯೂ ಹೋಯಿತು. ನನ್ನ ದೃಷ್ಟಿಯಲ್ಲಿ ಇದು ಬಹು ದೊಡ್ಡ ಹೆಜ್ಜೆ. ಆದರೆ ಎಲ್ಲವನ್ನೂ ಒಂದೇ ಕಡೆ ತುಂಬಿಟ್ಟರೆ, ಕೋಡ್ ಬೆಳೆದಂತೆ ಯಾವ ಪರೀಕ್ಷೆ ಯಾವುದರದು ಎಂದು ಹುಡುಕುವುದೇ ಒಂದು ಕೆಲಸವಾಗುತ್ತದೆ.

1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ವಿಮಾನ ಪ್ರಯಾಣವೊಂದರಲ್ಲಿ ಜಾವಾ ಭಾಷೆಗೆ ಜೆಯೂನಿಟ್ ಎಂಬ ಟೆಸ್ಟ್ ಚೌಕಟ್ಟು ಬರೆಯಲು ಕೂತರು. ಜಾವಾದಲ್ಲಿ ಹೊರಗಿನವರಿಗೆ ತೆರೆಯದ ಕೆಲವು ಭಾಗಗಳು ಅದೇ ಪ್ಯಾಕೇಜಿನವರಿಗೆ ಮಾತ್ರ ಸಿಗುತ್ತವೆ. ಹಾಗಾಗಿ ಟೆಸ್ಟ್‌ಗೂ ಅದೇ ಪ್ಯಾಕೇಜಿನ ಹೆಸರು ಬೇಕು, ಆದರೆ ಗ್ರಾಹಕರಿಗೆ ಕೊಡುವ ಜಾರ್ ಕಡತದಲ್ಲಿ ಅದು ಸೇರಬಾರದು. ಇದಕ್ಕೆ ಸಿಕ್ಕ ದಾರಿ, ‘ಮೇನ್’ ಮತ್ತು ‘ಟೆಸ್ಟ್’ ಎಂಬ ಎರಡು ಮರಗಳಲ್ಲಿ ಒಂದೇ ಬಗೆಯ ಕೊಂಬೆಗಳನ್ನು ಬೆಳೆಸುವುದು. ಜಾವಾದ ಬಿಲ್ಡ್ ಸಾಧನ ಮೇವನ್ ಇದನ್ನೇ ರೂಢಿಯಾಗಿಸಿತು. 2009ರಲ್ಲಿ ಬಂದ ಗೋ ಭಾಷೆ ಈ ಅಂತರವನ್ನೂ ಅಳಿಸಿತು: ‘ಪ್ರೈಸ್.ಗೋ’ ಕಡತದ ಮಗ್ಗುಲಲ್ಲೇ ‘ಪ್ರೈಸ್_ಟೆಸ್ಟ್.ಗೋ’. ಬಿಲ್ಡ್ ಮಾಡುವಾಗ ಈ ಹೆಸರಿನ ಕಡತವನ್ನು ಗೋ ತಾನಾಗಿಯೇ ಬಿಡುತ್ತದೆ. ಎರಡು ಮರ ಬೇಕೆನ್ನುವವರ ಮುಖ್ಯ ಕಾರಣಕ್ಕೆ ಇಲ್ಲಿ ಉತ್ತರ ಸಿಕ್ಕಂತಾಯಿತು.

ಎಡಿಟರಿನಲ್ಲಿ ಒಂದು ಗುಂಡಿ ಒತ್ತಿದರೆ ಟೆಸ್ಟ್ ತೆರೆದುಕೊಳ್ಳುವ ಈ ಕಾಲದಲ್ಲಿ ಜಾಗದ ಚಿಂತೆ ಏಕೆ ಎಂದು ಕೇಳಬಹುದು. ಆ ಗುಂಡಿ ಇರುವ ಟೆಸ್ಟ್‌ಗೆ ದಾರಿ ತೋರಿಸುತ್ತದೆ, ಇಲ್ಲದಿರುವುದನ್ನು ತಾನಾಗಿ ಎತ್ತಿ ತೋರಿಸುವುದಿಲ್ಲ. ಹತ್ತು ಕಡತಗಳ ಪಕ್ಕ ಜೋಡಿಯಿದ್ದು ಹನ್ನೊಂದನೆಯದು ಒಂಟಿಯಾಗಿದ್ದರೆ, ಫೋಲ್ಡರ್ ತೆರೆದ ಹೊಸಬರ ಕಣ್ಣಿಗೂ ಅದು ಬೀಳುತ್ತದೆ. ಹಲವು ಮಾಡ್ಯೂಲ್‌ಗಳನ್ನು ಒಟ್ಟಿಗೆ ಪರೀಕ್ಷಿಸುವ ಟೆಸ್ಟ್‌ಗೆ ಯಾವುದೂ ಸ್ವಂತ ಮನೆಯಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ನಾನದನ್ನು ಒಪ್ಪುತ್ತೇನೆ. ರಸ್ಟ್ ಭಾಷೆ ಯೂನಿಟ್ ಟೆಸ್ಟನ್ನು ಕೋಡ್ ಇರುವ ಕಡತದೊಳಗೇ ಬರೆಯಲು ಹೇಳಿ, ಹಲವು ಮಾಡ್ಯೂಲ್‌ಗಳ ಟೆಸ್ಟ್‌ಗೆ ‘ಟೆಸ್ಟ್ಸ್’ ಎಂಬ ಬೇರೆ ಫೋಲ್ಡರ್ ಕೊಟ್ಟದ್ದು ಸರಿಯಾದ ವಿವೇಕ.

ವೇಗದ ಟೆಸ್ಟ್‌ಗಳನ್ನೂ ನಿಧಾನದವನ್ನೂ ಬೇರ್ಪಡಿಸಲು ಮಾತ್ರ ಫೋಲ್ಡರ್ ಬೇಕಿಲ್ಲ, ಒಂದು ಚೀಟಿ ಸಾಕು. 2016ರಲ್ಲಿ ಪ್ರಕಟವಾದ ಲೆಕ್ಕದಂತೆ ಗೂಗಲ್‌ನ ಒಂದೇ ಭಂಡಾರದಲ್ಲಿ ಸುಮಾರು 200 ಕೋಟಿ ಸಾಲು ಕೋಡ್ ಇತ್ತು. ಅಲ್ಲಿ ಟೆಸ್ಟ್‌ಗೆ ಸ್ಮಾಲ್, ಮೀಡಿಯಂ, ಲಾರ್ಜ್ ಎಂಬ ಚೀಟಿ ಅಂಟಿಸುವ ಪದ್ಧತಿ ಬೆಳೆಯಿತು. ಗೂಗಲ್ ಹೊರಬಿಟ್ಟ ಬೇಜಲ್ ಎಂಬ ಬಿಲ್ಡ್ ಸಾಧನದಲ್ಲೂ ಅದೇ ಚೀಟಿಯಿದೆ: ಬೇರೆ ಮಿತಿ ಹೇಳದಿದ್ದರೆ, ಸ್ಮಾಲ್ ಎಂದು ಬರೆದ ಟೆಸ್ಟ್ 60 ಸೆಕೆಂಡಿನಲ್ಲಿ ಮುಗಿಯದಿದ್ದಾಗ ಬೇಜಲ್ ಅದನ್ನು ಅಲ್ಲಿಗೇ ನಿಲ್ಲಿಸುತ್ತದೆ.