ಸತ್ಯಾಗ್ರಹಿಗಳು ರಾಯಭಾರಿಗಳಾದಾಗ

ಕಲಬುರಗಿಯ ಜಗತ್ ಬಡಾವಣೆಯಿಂದ ಕಮಲಾಪುರದವರೆಗಿನ ಸೀಮೆಯೆಲ್ಲ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಡಳಿತದಲ್ಲಿತ್ತು. ದೇಶ ಸ್ವತಂತ್ರವಾಗಿ ಹದಿಮೂರು ತಿಂಗಳು ಕಳೆದ ಮೇಲೆ ಈ ಭಾಗಕ್ಕೆ ಬಿಡುಗಡೆ ಸಿಕ್ಕಿತು. ಅದೇ ವರ್ಷ ಹೈದರಾಬಾದಿನ ಆಬಿದ್ ಹಸನ್ ಸಫ್ರಾನಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದರು. ಔಂಧ್ ಸಂಸ್ಥಾನದ ರಾಜಕುಮಾರ ಅಪ್ಪಾ ಪಂತ್ ಭಾರತದ ಕಮಿಷನರ್ ಆಗಿ ನೈರೋಬಿಗೆ ಹೋದರು. ಆಫ್ರಿಕಾದ ಜೊತೆ ಭಾರತದ ರಾಜತಾಂತ್ರಿಕ ನಂಟಿನ ಕಥೆಯನ್ನು ದೆಹಲಿಯಿಂದ ಶುರುಮಾಡುವುದು ರೂಢಿ. ದಖ್ಖನಿನಿಂದ ಶುರುಮಾಡಿದರೆ ಆ ಕಥೆಗೆ ಬೇರೆಯದೇ ಕಸುವು ಬರುತ್ತದೆ.

ಇದಕ್ಕೂ ಹಿಂದೆ ಭಾರತದ ಪ್ರತಿನಿಧಿಗಳು ಆಫ್ರಿಕಾದಲ್ಲಿ ಇರಲಿಲ್ಲವೆಂದಲ್ಲ. 1927ರಲ್ಲಿ ವಿ.ಎಸ್. ಶ್ರೀನಿವಾಸ ಶಾಸ್ತ್ರಿ ದಕ್ಷಿಣ ಆಫ್ರಿಕಾಕ್ಕೆ ಏಜೆಂಟರಾಗಿ ಹೋದರು. ಮಂಗಳೂರಿನ ಬೆನೆಗಲ್ ರಾಮರಾವ್ 1938ರಿಂದ 1941ರವರೆಗೆ ಅಲ್ಲಿದ್ದರು. ಆದರೆ ಅವರೆಲ್ಲ ಬ್ರಿಟಿಷ್ ಭಾರತ ಸರ್ಕಾರದ ಪ್ರತಿನಿಧಿಗಳು. ಅಲ್ಲಿನ ಭಾರತೀಯರ ಅಹವಾಲು ಮುಟ್ಟಿಸುವುದಷ್ಟೇ ಅವರ ಕೆಲಸವಾಗಿತ್ತು. ಕರಿಯರ ಸ್ವಾತಂತ್ರ್ಯ ಅವರ ಕಡತಕ್ಕೆ ಬರುವ ವಿಷಯವಾಗಿರಲಿಲ್ಲ. 1946ರಲ್ಲಿ ಭಾರತ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ಕಡಿದುಕೊಂಡು, ಅಲ್ಲಿನ ವರ್ಣಭೇದದ ಪ್ರಶ್ನೆಯನ್ನು ವಿಶ್ವಸಂಸ್ಥೆಗೆ ಒಯ್ದಾಗ ದಾರಿ ಹೊರಳಿತು. ಆ ನಿಯೋಗದ ನಾಯಕಿ ವಿಜಯಲಕ್ಷ್ಮಿ ಪಂಡಿತ್ ಸ್ವತಃ ಜೈಲುವಾಸ ಕಂಡವರು.

ಅಪ್ಪಾ ಪಂತರ ಔಂಧ್ ಕನ್ನಡ ನಾಡಿಗೆ ದೂರದ್ದಲ್ಲ. ವಿಜಯಪುರ ಜಿಲ್ಲೆಯ ಗುಣದಾಳ ಆ ಪುಟ್ಟ ಸಂಸ್ಥಾನಕ್ಕೆ ಸೇರಿತ್ತು. 1939ರಲ್ಲಿ ಪಂತರ ತಂದೆ, ರಾಜಾ ಭವಾನರಾವ್, ತಮ್ಮ ಅಧಿಕಾರವನ್ನು ಪ್ರಜೆಗಳ ಪಂಚಾಯಿತಿಗಳಿಗೆ ಒಪ್ಪಿಸಿದರು. ಗಾಂಧೀಜಿಯ ಮಾರ್ಗದರ್ಶನದ ಆ ಪ್ರಯೋಗಕ್ಕೆ ಕೈಜೋಡಿಸಿದ ಪೋಲೆಂಡಿನ ಮಾರಿಸ್ ಫ್ರಿಡ್‌ಮನ್, ಬೆಂಗಳೂರಿನ ಸರ್ಕಾರಿ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದವರು. ಅರಸೊತ್ತಿಗೆಯನ್ನು ತಾನಾಗಿ ಬಿಟ್ಟುಕೊಟ್ಟ ಮನೆಯಿಂದ ಬಂದ ಪಂತರಿಗೆ ಕೀನ್ಯಾದ ಬಿಳಿಯರ ದರ್ಬಾರು ಸಹಜವಾಗಿ ಕಾಣಲು ಸಾಧ್ಯವೇ ಇರಲಿಲ್ಲ. ಆಫ್ರಿಕಾದ ಭಾರತೀಯರು ಆಫ್ರಿಕನ್ನರ ಹಿತವನ್ನೇ ಮುಂದಿಡಬೇಕೆಂಬುದು ನೆಹರೂ ಅವರ ನಿಲುವು. ಪಂತ್ ಅದನ್ನು ಅಕ್ಷರಶಃ ಪಾಲಿಸಿದರು. ಕೀನ್ಯಾದ ಹೋರಾಟದ ನಾಯಕರಾದ ಜೋಮೊ ಕೆನ್ಯಾಟಾ, ಪೀಟರ್ ಕೊಯಿನಾಂಗೆ ಪಂತರ ಆಪ್ತರಾದರು. ಆಫ್ರಿಕನ್ ವಿದ್ಯಾರ್ಥಿಗಳು ವಿದ್ಯಾರ್ಥಿವೇತನ ಪಡೆದು ಭಾರತದ ಕಾಲೇಜುಗಳಿಗೆ ಬಂದರು.

ಇದು ಎಲ್ಲರಿಗೂ ಹಿಡಿಸಲಿಲ್ಲ. ಬಿಳಿ ಜಮೀನುದಾರರು ಸಿಟ್ಟಾದರು. ಅಲ್ಲಿನ ಕೆಲವು ಭಾರತೀಯ ವರ್ತಕರಿಗೂ ಅಳುಕಿತ್ತು. 1952ರ ಅಕ್ಟೋಬರಿನಲ್ಲಿ, ಬಿಳಿಯರ ಆಡಳಿತದ ವಿರುದ್ಧ ಎದ್ದ ಮೌ ಮೌ ಬಂಡಾಯದ ಹೆಸರಿನಲ್ಲಿ, ತುರ್ತು ಪರಿಸ್ಥಿತಿ ಹೇರಿ ಕೆನ್ಯಾಟಾ ಅವರನ್ನು ಬಂಧಿಸಲಾಯಿತು. ಕಪೆಂಗುರಿಯಾದಲ್ಲಿ ನಡೆದ ವಿಚಾರಣೆಗೆ ಭಾರತದಿಂದ ದಿವಾನ್ ಚಮನ್ ಲಾಲ್ ಹೋಗಿ ಪ್ರತಿವಾದಿ ವಕೀಲರ ತಂಡ ಸೇರಿದರು. ಬ್ರಿಟಿಷರ ಅಸಮಾಧಾನ ಬೆಳೆಯುತ್ತ ಹೋಗಿ, 1954ರಲ್ಲಿ ಪಂತ್ ನೈರೋಬಿ ಬಿಡಬೇಕಾಯಿತು.

ಪಶ್ಚಿಮ ಆಫ್ರಿಕಾದ ಬಾಗಿಲು ತೆರೆದದ್ದು 1953ರಲ್ಲಿ, ಅಕ್ರಾದ ಭಾರತೀಯ ಕಚೇರಿಯಿಂದ. ಅಲ್ಲಿಯೂ ಹಳೆಯ ಹೈದರಾಬಾದ್ ಸಂಸ್ಥಾನದವರೇ ಇದ್ದರು: ವನಪರ್ತಿಯ ರಾಜಾ ರಾಮೇಶ್ವರ ರಾವ್. 1957ರ ಮಾರ್ಚ್ 6ರಂದು, ಅಕ್ರಾ ರಾಜಧಾನಿಯಾದ ಘಾನಾ ಸ್ವತಂತ್ರವಾಯಿತು.

ಈ ಸಾಲಿನಲ್ಲಿ ಹೆಚ್ಚು ಬೆರಗು ಹುಟ್ಟಿಸುವವರು ಆಬಿದ್ ಹಸನ್. 1911ರಲ್ಲಿ ಹುಟ್ಟಿದ ಅವರು ಸಾಬರಮತಿ ಆಶ್ರಮದಲ್ಲಿದ್ದವರು, ನಾಸಿಕ್ ಜೈಲು ಕಂಡವರು. ಎಂಜಿನಿಯರಿಂಗ್ ಓದಲು ಜರ್ಮನಿಗೆ ಹೋಗಿ, ಓದು ಬಿಟ್ಟು ಸುಭಾಷರ ಬೆನ್ನು ಹತ್ತಿದರು. 'ಜೈ ಹಿಂದ್' ಘೋಷಣೆಯ ಕರ್ತೃ ಎಂದು ಹೆಸರಾದವರು ಅವರೇ. 1943ರ ಫೆಬ್ರುವರಿಯಲ್ಲಿ ಕೀಲ್ ಬಂದರಿನಿಂದ ಹೊರಟ ಜರ್ಮನ್ ಜಲಾಂತರ್ಗಾಮಿಯಲ್ಲಿ ನೇತಾಜಿಯ ಜೊತೆಗಿದ್ದ ಏಕೈಕ ಭಾರತೀಯ ಅವರು. ಇಡೀ ಆಫ್ರಿಕಾ ಖಂಡವನ್ನು ಬಳಸಿಕೊಂಡು ಬಂದ ಆ ನೌಕೆಯಿಂದ, ಏಪ್ರಿಲ್ ಕೊನೆಗೆ, ಮಡಗಾಸ್ಕರ್ ಆಚೆಯ ಕಡಲಿನಲ್ಲಿ ರಬ್ಬರ್ ದೋಣಿ ಹತ್ತಿ ಇಬ್ಬರೂ ಜಪಾನಿ ಜಲಾಂತರ್ಗಾಮಿಗೆ ದಾಟಿದರು. ಮುಂದೆ ಇಂಫಾಲ್ ರಣರಂಗ, ಬ್ರಿಟಿಷರ ಸೆರೆ. ಅಂದು ಕಡಲೊಳಗೆ ಅಡಗಿಕೊಂಡು ಸುತ್ತಿಬಂದ ಖಂಡಕ್ಕೆ ಅವರು ಮತ್ತೆ ಹೋದದ್ದು ಸ್ವತಂತ್ರ ಭಾರತದ ಪ್ರತಿನಿಧಿಯಾಗಿ: ಈಜಿಪ್ಟಿಗೆ, ಫ್ರೆಂಚರಿಂದ 1960ರಲ್ಲಿ ಬಿಡುಗಡೆಯಾದ ಸೆನೆಗಲ್ಲಿಗೆ.

1960ರ ಒಂದೇ ವರ್ಷ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಕಾಂಗೋದಲ್ಲಿ ಭಾರತೀಯ ಸೈನಿಕರು ವಿಶ್ವಸಂಸ್ಥೆಯ ಪರವಾಗಿ ಹೋರಾಡಿ ಮಡಿದರು. ಆದರೂ 1962ರ ಚೀನಾ ಯುದ್ಧದ ಹೊತ್ತಿಗೆ ಬಹುತೇಕ ಆಫ್ರಿಕನ್ ದೇಶಗಳು ಭಾರತದ ಪರ ನಿಲ್ಲಲಿಲ್ಲ. ಬ್ರಿಟನ್ ಭಾರತಕ್ಕೆ ಶಸ್ತ್ರ ಕೊಡುವುದನ್ನು ಘಾನಾದ ಅಧ್ಯಕ್ಷ ಎನ್‌ಕ್ರುಮಾ ಆಕ್ಷೇಪಿಸಿದರು. ದೆಹಲಿಗೆ ಅದು ಕಹಿ ಅನುಭವ. 1964ರಲ್ಲಿ ಶುರುವಾದ ತಾಂತ್ರಿಕ ಸಹಕಾರ ಯೋಜನೆಯಿಂದ ನಂಟು ತರಬೇತಿ, ತಜ್ಞರು, ಯಂತ್ರಗಳ ಕಡೆ ಸರಿಯಿತು. ಅದು ಉಪಯುಕ್ತವೇ, ಆದರೆ ಹೋರಾಟಗಾರರ ಮನೆಗೆ ಹೋಗಿ ಕೂತು ಮಾತಾಡುತ್ತಿದ್ದ ಪಂತರ ಕಾಲದ ಸಲುಗೆ ಅದರಲ್ಲಿರಲಿಲ್ಲ.

ಆಬಿದ್ ಹಸನ್ 1969ರಲ್ಲಿ ನಿವೃತ್ತರಾಗಿ ಹೈದರಾಬಾದಿಗೆ ಮರಳಿ, 1984ರಲ್ಲಿ ತೀರಿಕೊಂಡರು. ಕನ್ನಡದಲ್ಲಿ ಅವರ ಬಗ್ಗೆ ಆಗಬೇಕಾದ ಕೆಲಸ ಬಹಳ ಇದೆ. ಕನ್ನಡ, ಉರ್ದು ಎರಡನ್ನೂ ಬಲ್ಲ ಓದುಗರು ಕಲಬುರಗಿಯಲ್ಲಿ ಬಹಳ ಇದ್ದಾರೆ. ಇಲ್ಲಿನ ವಿಶ್ವವಿದ್ಯಾಲಯಗಳ ಇತಿಹಾಸ ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈಹಾಕಬೇಕು.