ಮುಪ್ಪಿಗೆ ಆಸರೆ: ನಡೆದು ಬಂದ ದಾರಿ, ನಮ್ಮ ಹೊಣೆ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗಾಗಿ ಹಳೆಯ ಸಂಗತಿಗಳನ್ನು ಕಲೆಹಾಕಲು ಹೊರಟಾಗ ನಾವು ಮೊದಲು ಹೋದದ್ದು ಹಿರಿಯರ ಮನೆಗಳಿಗೆ. ದೇವಾಲಯದ ದಾಖಲೆ ಪುಸ್ತಕಗಳಲ್ಲಿ ಜ್ಞಾನಸ್ನಾನ, ವಿವಾಹ, ಮರಣಗಳ ದಿನಾಂಕಗಳು ದೊರೆಯುತ್ತವೆ. ಆದರೆ ಮಳೆಗಾಲದಲ್ಲಿ ಕೆಸರು ತುಳಿದು ಬಂದ ಗುರುಗಳಿಗೆ ಯಾರ ಮನೆಯಲ್ಲಿ ಊಟವಾಯಿತು, ಗೋಡೆ ಏಳುವಾಗ ಯಾರು ಕಲ್ಲು ಹೊತ್ತರು ಎಂಬುದನ್ನು ಹೇಳಬಲ್ಲವರು ಎಂಬತ್ತು ದಾಟಿದವರು ಮಾತ್ರ. ಅವರು ತಮ್ಮ ನೆನಪುಗಳನ್ನು ಧಾರಾಳವಾಗಿ ಕೊಟ್ಟರು. ನೆನಪುಗಳ ಜೊತೆಗೆ ಅವರು ಬದುಕುತ್ತಿರುವ ರೀತಿಯೂ ನಮ್ಮ ಕಣ್ಣಿಗೆ ಬಿತ್ತು.

ಒಬ್ಬ ಹಿರಿಯ ತಾಯಿಯವರ ಮಕ್ಕಳು ಪುಣೆಯಲ್ಲಿಯೂ ಬೆಂಗಳೂರಿನಲ್ಲಿಯೂ ಉದ್ಯೋಗದಲ್ಲಿದ್ದಾರೆ. ತಾಯಿಯವರಿಗೆ ಕಣ್ಣು ಮಸುಕು, ಮೊಣಕಾಲು ನೋವು. ಮನೆಯ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿಕೊಳ್ಳಲೂ ಅವರು ಅಂಜುತ್ತಾರೆ. ರಾತ್ರಿ ಬಿದ್ದರೆ ಬಾಗಿಲು ತೆರೆಯುವವರು ಯಾರು? ಅವರು ನಮಗೆ ಹೇಳಿದ ಮಾತು ಇಷ್ಟು: "ನನ್ನ ಎಲ್ಲಿ ಇಡಬೇಕಂತ ಮಕ್ಕಳು ಮಾತಾಡ್ಯಾರ. ನನ್ನ ಮಾತ್ರ ಯಾರೂ ಕೇಳಿಲ್ಲಪಾ." ಈ ಲೇಖನವು ಆ ಮಾತಿನಿಂದ ಹುಟ್ಟಿದ್ದು. ವೃದ್ಧರಿಗೆ ಆಸರೆ ನೀಡುವ ಕಾರ್ಯವು ನಮ್ಮ ನಾಡಿನಲ್ಲಿಯೂ ನಮ್ಮ ಧರ್ಮಸಭೆಯಲ್ಲಿಯೂ ಹೇಗೆ ನಡೆದು ಬಂದಿತು, ಇಂದು ನಮ್ಮ ಮುಂದಿರುವ ದಾರಿಗಳಾವುವು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸಿದ್ದೇವೆ.

ನಿಡಸೋಸಿಯ ಸುತ್ತಮುತ್ತ ಹುಟ್ಟಿ ಬೆಳೆದವರಿಗೆ ದಾಸೋಹವೆಂದರೇನೆಂದು ವಿವರಿಸಬೇಕಾಗಿಲ್ಲ. ಶ್ರೀ ದುರದುಂಡೀಶ್ವರ ಮಠವಿರುವ ಊರು ಇದು. ಹಸಿದವರಿಗೆ, ದಿಕ್ಕಿಲ್ಲದವರಿಗೆ ಅನ್ನವಿಕ್ಕುವುದು ಮಠದ ಧರ್ಮವೆಂಬ ಭಾವನೆ ಕನ್ನಡ ನಾಡಿನಲ್ಲಿ ಬಹು ಪ್ರಾಚೀನವಾದುದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿದ್ದ ಕೋಡಿಯ ಮಠವನ್ನು ಕುರಿತ 1162ರ ಶಾಸನವು, ಅಲ್ಲಿ ದೀನರಿಗೂ ಅನಾಥರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ ಅನ್ನದಾನ ನಡೆಯುತ್ತಿತ್ತೆಂದೂ, ಗತಿಯಿಲ್ಲದ ರೋಗಿಗಳಿಗೆ ಔಷಧೋಪಚಾರ ದೊರೆಯುತ್ತಿತ್ತೆಂದೂ ತಿಳಿಸುತ್ತದೆ. ಆ ಪಟ್ಟಿಯಲ್ಲಿ ಮುಪ್ಪಿನವರೆಂಬ ಪ್ರತ್ಯೇಕ ವರ್ಗ ಎದ್ದು ಕಾಣುವುದಿಲ್ಲ. ಅದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮುಪ್ಪು ಅಂದು ಮನೆಯ ಸಂಗತಿಯಾಗಿತ್ತು. ಮನೆಯಿಲ್ಲದವರು ಮಾತ್ರ ಮಠದ ಬಾಗಿಲಿಗೆ ಬರುತ್ತಿದ್ದರು.

ಆದಿ ಧರ್ಮಸಭೆಯಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ದಿನನಿತ್ಯದ ಹಂಚಿಕೆಯಲ್ಲಿ ಕೆಲವು ವಿಧವೆಯರು ಅಲಕ್ಷ್ಯಕ್ಕೆ ಗುರಿಯಾದರೆಂಬ ದೂರು ಬಂದಾಗ ಪ್ರೇಷಿತರು ಏಳು ಮಂದಿಯನ್ನು ಆ ಸೇವೆಗೆ ನೇಮಿಸಿದ ಸಂಗತಿಯನ್ನು ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿ ಓದುತ್ತೇವೆ. ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯವು ಇನ್ನೂ ಸ್ಪಷ್ಟ. ಮಕ್ಕಳು, ಮೊಮ್ಮಕ್ಕಳು ಉಳ್ಳವರನ್ನು ಆ ಮನೆಯವರೇ ನೋಡಿಕೊಳ್ಳಬೇಕು. ನಿಜವಾಗಿ ಒಂಟಿಯಾದವರನ್ನು ಸಭೆಯು ನೋಡಿಕೊಳ್ಳಬೇಕು. ವಿಧವೆಯರ ಪಟ್ಟಿಗೆ ಹೆಸರು ಸೇರಿಸಲು ಅಲ್ಲಿ ಹೇಳಿರುವ ವಯಸ್ಸು ಅರವತ್ತು. ನಮ್ಮ ದೇಶದ ಕಾನೂನು ಇಂದು ಹಿರಿಯ ನಾಗರಿಕರೆಂದು ಗುರುತಿಸುವುದೂ ಅದೇ ವಯಸ್ಸನ್ನು. ಆರನೆಯ ಶತಮಾನದ ಜಸ್ಟೀನಿಯನ್ ಚಕ್ರವರ್ತಿಯ ಶಾಸನಗಳಲ್ಲಿ ವೃದ್ಧರ ಆಶ್ರಯಗೃಹಗಳಿಗೆ ಪ್ರತ್ಯೇಕ ಹೆಸರೇ ಇರುವುದನ್ನು ನೋಡಿದರೆ, ಅಷ್ಟರಲ್ಲಿ ಅಂತಹ ಮನೆಗಳು ಧರ್ಮಸಭೆಯ ಆಶ್ರಯದಲ್ಲಿ ನೆಲೆಗೊಂಡಿದ್ದವೆಂದು ತಿಳಿಯುತ್ತದೆ.

ಈಗಿನ ವೃದ್ಧಾಶ್ರಮಗಳ ಚರಿತ್ರೆಯಲ್ಲಿ ಮರೆಯಲಾಗದ ಹೆಸರು ಸಂತ ಜಾನ್ ಜುಗಾನ್ ಅವರದು. 1792ರಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತದ ಕಾಂಕಾಲ್ ಎಂಬ ಮೀನುಗಾರರ ಊರಿನಲ್ಲಿ ಹುಟ್ಟಿದ ಈಕೆ ಬಾಲ್ಯದಲ್ಲಿಯೇ ತಂದೆಯನ್ನು ಸಮುದ್ರದಲ್ಲಿ ಕಳೆದುಕೊಂಡವರು. ಮನೆಗೆಲಸ ಮಾಡಿ ಜೀವಿಸಿದವರು. 1839ರ ಚಳಿಗಾಲದಲ್ಲಿ ಸೆಂಟ್ ಸರ್ವಾನ್ ಪಟ್ಟಣದಲ್ಲಿ ಕುರುಡಿಯೂ ಪಾರ್ಶ್ವವಾಯು ಪೀಡಿತೆಯೂ ಆಗಿದ್ದ ಆನ್ ಶೋವೆನ್ ಎಂಬ ಮುದುಕಿಯನ್ನು ತಮ್ಮ ಬಾಡಿಗೆ ಮನೆಗೆ ಕರೆತಂದು, ತಮ್ಮ ಹಾಸಿಗೆಯನ್ನೇ ಆಕೆಗೆ ಬಿಟ್ಟುಕೊಟ್ಟು, ತಾವು ಅಟ್ಟದ ಮೇಲೆ ಮಲಗಿದರು. ಒಬ್ಬರ ನಂತರ ಮತ್ತೊಬ್ಬರು ಬಂದರು. ಜಾನ್ ಜುಗಾನ್ ಕೈಯಲ್ಲಿ ಬುಟ್ಟಿ ಹಿಡಿದು ಬಾಗಿಲಿಂದ ಬಾಗಿಲಿಗೆ ಹೋಗಿ ಬೇಡಿ ಆ ವೃದ್ಧರನ್ನು ಸಾಕಿದರು. ಹೀಗೆ ಹುಟ್ಟಿದ್ದು ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಎಂಬ ಕನ್ಯಾಸ್ತ್ರೀಯರ ಸಭೆ.

ಈ ಚರಿತ್ರೆಯಲ್ಲಿ ನೋವಿನ ಅಧ್ಯಾಯವೊಂದಿದೆ. 1843ರಲ್ಲಿ ಸಹೋದರಿಯರು ಆಕೆಯನ್ನೇ ತಮ್ಮ ಹಿರಿಯಳನ್ನಾಗಿ ಮತ್ತೆ ಆರಿಸಿದಾಗ, ಸಭೆಯ ಮೇಲ್ವಿಚಾರಕರಾಗಿದ್ದ ಲೆ ಪಾಯ್ಯರ್ ಎಂಬ ಗುರುಗಳು ಆ ಆಯ್ಕೆಯನ್ನು ತಳ್ಳಿಹಾಕಿದರು. 1852ರಿಂದ ಜಾನ್ ಜುಗಾನ್ ಮುಖ್ಯ ಮಠದಲ್ಲಿ ಯಾವ ಅಧಿಕಾರವೂ ಇಲ್ಲದೆ ಮೂಲೆಗುಂಪಾದರು. ಇಪ್ಪತ್ತೇಳು ವರ್ಷಗಳ ನಂತರ, 1879ರ ಆಗಸ್ಟ್ 29ರಂದು, ಅವರು ಕಣ್ಮುಚ್ಚಿದಾಗ ಸಭೆಯಲ್ಲಿ ಸುಮಾರು 2,400 ಸಹೋದರಿಯರಿದ್ದರು. ತಮ್ಮ ಸಭೆಯನ್ನು ಸ್ಥಾಪಿಸಿದವರು ಈ ವೃದ್ಧೆಯೇ ಎಂಬುದು ಅವರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಸತ್ಯವು ತಡವಾಗಿ ಬೆಳಕಿಗೆ ಬಂದಿತು. 1982ರಲ್ಲಿ ಪುನೀತೆಯೆಂದೂ, 2009ರ ಅಕ್ಟೋಬರ್ 11ರಂದು ಸಂತಳೆಂದೂ ಅವರನ್ನು ಘೋಷಿಸಲಾಯಿತು. ವೃದ್ಧರಿಗೆ ಮನೆ ಕಟ್ಟಿದ ತಾಯಿಯೇ ತನ್ನ ವೃದ್ಧಾಪ್ಯದಲ್ಲಿ ಮರೆತುಹೋದರು. ಸೂರು, ಅನ್ನ, ಹಾಸಿಗೆ ಇದ್ದರೂ ಹಿರಿಯರು ಮರೆತುಹೋಗಬಹುದೆಂಬ ಎಚ್ಚರಿಕೆ ಇದರಲ್ಲಿದೆ.

ಈ ಸಹೋದರಿಯರು 1882ರಲ್ಲಿ ಕಲ್ಕತ್ತೆಗೆ ಬಂದರು. 1900ರಲ್ಲಿ ಬೆಂಗಳೂರಿನಲ್ಲಿ ಅವರ ಮನೆ ಆರಂಭವಾಯಿತು. ಹೊಸೂರು ರಸ್ತೆಯ ಆ ಮನೆಯಲ್ಲಿ ಬಡ ವೃದ್ಧರು ಜಾತಿ ಮತಗಳ ಭೇದವಿಲ್ಲದೆ ಆಸರೆ ಪಡೆದಿದ್ದಾರೆ. ಸ್ಥಾಪಕಿಯ ಬುಟ್ಟಿಯ ಪರಂಪರೆಯನ್ನು ಸಹೋದರಿಯರು ಬಿಟ್ಟಿಲ್ಲ. ಜನರ ಬಳಿ ಬೇಡಿ ತಂದದ್ದರಿಂದಲೇ ಸಂಸಾರ ನಡೆಸುತ್ತಾರೆ. ಮಂಗಳೂರಿನ ಜೆಪ್ಪುವಿನಲ್ಲಿರುವ ಸಂತ ಅಂತೋಣಿಯವರ ಆಶ್ರಮವೂ ನಿರ್ಗತಿಕ ವೃದ್ಧರನ್ನು ಸಲಹಿದ ಸಂಸ್ಥೆ. ಇವೆಲ್ಲವೂ ಯಾರೂ ಇಲ್ಲದವರಿಗಾಗಿ ಹುಟ್ಟಿದ ಮನೆಗಳೆಂಬುದನ್ನು ಓದುಗರು ಗಮನಿಸಬೇಕು.

ನಮ್ಮ ಭಾಗದತ್ತ ಬರೋಣ. 1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದ ಕಾಲದಲ್ಲಿ ನಮ್ಮ ಮನೆಗಳು ತುಂಬಿದ ಮನೆಗಳಾಗಿದ್ದವು. ಒಂದೇ ಒಲೆಯ ಸುತ್ತ ಮೂರು ತಲೆಮಾರು ಉಣ್ಣುತ್ತಿತ್ತು. ಈಗ ಹೆದ್ದಾರಿಯು ನಮ್ಮ ಮಕ್ಕಳನ್ನು ಕೊಲ್ಹಾಪುರ, ಪುಣೆ, ಬೆಂಗಳೂರುಗಳಿಗೆ ಕರೆದೊಯ್ದಿದೆ. ಮಕ್ಕಳಲ್ಲಿ ಪ್ರೀತಿ ಕಡಿಮೆಯಾಯಿತೆಂದು ತೀರ್ಪು ಕೊಡುವುದು ಸುಲಭ, ಆದರೆ ನ್ಯಾಯವಲ್ಲ. ಕೆಲಸ ಇರುವಲ್ಲಿ ಅವರು ಇದ್ದಾರೆ, ಆಯುಸ್ಸೂ ಹೆಚ್ಚಿದೆ. 2011ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಮಿಕ್ಕಿ ಇದ್ದರು, ಅಂದರೆ ನೂರಕ್ಕೆ 8.6 ಮಂದಿ; ಕರ್ನಾಟಕದಲ್ಲಿ ಆ ಪ್ರಮಾಣ ಸುಮಾರು 9.5.

ಸರ್ಕಾರವೂ ಹಂತ ಹಂತವಾಗಿ ಈ ಹೊಣೆಯನ್ನು ಗುರುತಿಸಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯು, ಹಿಂದಿನ ಸಂಹಿತೆಯಲ್ಲಿ ಇಲ್ಲದಿದ್ದ ತಂದೆತಾಯಿಗಳ ಜೀವನಾಂಶದ ಹಕ್ಕನ್ನು ಎಲ್ಲ ಮತದವರಿಗೂ ನೀಡಿತು. 1995ರಲ್ಲಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಆರಂಭವಾಯಿತು. 2007ರಲ್ಲಿ ಕರ್ನಾಟಕವು 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದಿತು. ಅದರ ಮಾಸಾಶನವನ್ನು 2021ರಲ್ಲಿ 1,200 ರೂಪಾಯಿಗಳಿಗೆ ಏರಿಸಲಾಯಿತು. 2007ರಲ್ಲಿಯೇ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ ಬಂದಿತು. ಇದರಂತೆ ಮಕ್ಕಳು ನೋಡಿಕೊಳ್ಳದಿದ್ದರೆ ವೃದ್ಧರು ವಕೀಲರಿಲ್ಲದೆಯೇ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಜಿಲ್ಲೆಗೊಂದರಂತೆ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಆಶ್ರಯಗೃಹ ಸ್ಥಾಪಿಸಬಹುದೆಂದೂ ಅದು ಹೇಳುತ್ತದೆ, ಸ್ಥಾಪಿಸಲೇಬೇಕೆಂದು ಹೇಳುವುದಿಲ್ಲ. ಹೊಲಮನೆಗಳನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವ ಹಿರಿಯರಿಗೆ ನಮ್ಮ ವಿನಂತಿಯೊಂದುಂಟು: ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಿರಿ. ಆ ಷರತ್ತು ಮುರಿದರೆ ಪತ್ರವನ್ನು ರದ್ದುಪಡಿಸಲು ಅಧಿನಿಯಮದ 23ನೆಯ ಕಲಮಿನಲ್ಲಿ ಅವಕಾಶವಿದೆ. ಷರತ್ತು ಇತ್ತೆಂದು ತೋರಿಸಬೇಕಾಗುತ್ತದೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿದ್ದರಿಂದ ಬಾಯಿಮಾತನ್ನು ನಂಬಿ ಕೂರುವುದು ಕ್ಷೇಮವಲ್ಲ.

ಇನ್ನು ನಮ್ಮ ಮುಂದಿರುವ ದಾರಿಗಳು. ಮೊದಲನೆಯದು, ಹಿರಿಯರು ತಮ್ಮ ಮನೆಯಲ್ಲಿಯೇ ಇರುವುದು. ನಡೆದಾಡಬಲ್ಲವರಿಗೆ, ನೆನಪು ನೆಟ್ಟಗಿರುವವರಿಗೆ ಇದಕ್ಕಿಂತ ಮೇಲಾದುದಿಲ್ಲ. ಆದರೆ ಅದಕ್ಕೆ ದಿನವೂ ಬಂದು ನೋಡುವ ಒಬ್ಬರು, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಹಿಡಿಕೆ, ರಾತ್ರಿ ಕರೆದರೆ ಕೇಳುವ ನೆರೆಮನೆ ಬೇಕು. 1833ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಸಂತ ವಿನ್ಸೆಂಟ್ ದಿ ಪೌಲರ ಸಭೆಯು ಇಂತಹ ಮನೆ ಭೇಟಿಯನ್ನೇ ತನ್ನ ಮುಖ್ಯ ಕಾರ್ಯವನ್ನಾಗಿ ಮಾಡಿಕೊಂಡಿತು. ಎರಡನೆಯದು, ಹಗಲು ಹೊತ್ತಿನ ಆರೈಕೆ: ಬೆಳಿಗ್ಗೆ ಬಂದು, ಜೊತೆಗೂಡಿ ಉಂಡು, ಸಂಜೆ ಮನೆಗೆ ಮರಳುವ ಏರ್ಪಾಡು. ಮೂರನೆಯದು ವೃದ್ಧಾಶ್ರಮ, ಕೆಲವು ಧರ್ಮಾರ್ಥ, ಕೆಲವು ತಿಂಗಳಿಗೆ ಹಣ ಪಡೆಯುವಂಥವು. ಬೆಳಗಾವಿ ಸಮೀಪದ ಬಾಮನವಾಡಿಯಲ್ಲಿಯೂ ಶಾಂತಾಯಿ ಎಂಬ ವೃದ್ಧಾಶ್ರಮವಿದೆ. ನಾಲ್ಕನೆಯದು, ಮರೆವಿನ ರೋಗಕ್ಕೆ ಅಥವಾ ಕೊನೆಗಾಲದ ಬೇನೆಗೆ ಬೇಕಾದ ವಿಶೇಷ ಶುಶ್ರೂಷೆ. ಬೆಂಗಳೂರಿನ ನೈಟಿಂಗೇಲ್ಸ್ ಸಂಸ್ಥೆ ಮೊದಲನೆಯದನ್ನೂ, 1999ರಿಂದ ಕರುಣಾಶ್ರಯವು ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಎರಡನೆಯದನ್ನೂ ಒದಗಿಸುತ್ತ ಬಂದಿವೆ. ಯಾವ ದಾರಿ ಹಿಡಿಯಬೇಕೆಂದು ತೋಚದವರು 14567 ಎಂಬ ಹಿರಿಯರ ಸಹಾಯವಾಣಿಗೆ ದೂರವಾಣಿ ಮಾಡಿ ಕೇಳಬಹುದು.

ಆಶ್ರಮವನ್ನು ಆರಿಸುವವರು ಕಟ್ಟಡದ ಅಂದ ನೋಡಿ ಮರುಳಾಗಬಾರದು. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ? ಹಾಸಿಗೆ ಹಿಡಿದ ಮೇಲೂ ಇಟ್ಟುಕೊಳ್ಳುತ್ತಾರೆಯೇ, ಮನೆಗೆ ಕಳುಹಿಸುತ್ತಾರೆಯೇ? ಠೇವಣಿ ಹಣ ಮರಳಿ ಬರುವ ಬಗೆಯನ್ನು ಬರೆದು ಕೊಡುತ್ತಾರೆಯೇ? ಬಂಧುಗಳು ಯಾವಾಗ ಬೇಕಾದರೂ ಬರಬಹುದೇ? ಪರಮಪ್ರಸಾದ ಸಿಗುವುದೇ? ಊಟದ ಹೊತ್ತಿಗೆ ಹೇಳದೆ ಒಮ್ಮೆ ಹೋಗಿ ನೋಡುವುದು ಒಳ್ಳೆಯದು. ಎಲ್ಲಕ್ಕಿಂತ ಮೊದಲು, ಅಲ್ಲಿ ಇರಬೇಕಾದವರನ್ನೇ ಕರೆದೊಯ್ದು ತೋರಿಸಬೇಕು.

ವೃದ್ಧಾಶ್ರಮಕ್ಕೆ ಕಳುಹಿಸುವುದೇ ಪಾಪವೆಂದು ನಾವು ಹೇಳಲಾರೆವು. ಹಗಲಿಡೀ ಬೀಗ ಹಾಕಿದ ಮನೆಯಲ್ಲಿ ಒಬ್ಬಂಟಿಯಾಗಿ ಕೂರುವುದಕ್ಕಿಂತ ನಾಲ್ಕು ಜನರ ನಡುವೆ ಇರುವುದು ಎಷ್ಟೋ ಹಿರಿಯರಿಗೆ ನೆಮ್ಮದಿ ಕೊಟ್ಟಿದೆ. ಕಳುಹಿಸಿ ಮರೆಯುವುದು ಪಾಪ. ಮನೆಯಲ್ಲಿಯೇ ಇರಿಸಿಕೊಂಡು ಮರೆಯುವುದೂ ಅಷ್ಟೇ. ಆಸರೆ ಎಲ್ಲಿದ್ದರೂ ಹಿರಿಯರ ಮಾತಿಗೆ ಅಲ್ಲಿ ಬೆಲೆಯಿರಬೇಕು.

ಆದುದರಿಂದ ಶತಮಾನೋತ್ಸವದ ಈ ವರ್ಷದಲ್ಲಿ ನಮ್ಮ ಧರ್ಮಕೇಂದ್ರದ ಮುಂದೆ ಚಿಕ್ಕದೊಂದು ಸಲಹೆಯನ್ನು ಇಡುತ್ತೇವೆ. ಒಂಟಿಯಾಗಿರುವ ಹಿರಿಯರ ಪಟ್ಟಿಯೊಂದು ದೇವಾಲಯದಲ್ಲಿರಲಿ. ವಾರಕ್ಕೆ ಒಮ್ಮೆ ಇಬ್ಬರು ಹೋಗಿ ಬರಲಿ. ಮಾಸಾಶನದ ಅರ್ಜಿ ತುಂಬಿಕೊಡಲು ಓದುಬಲ್ಲ ಯುವಕರು ಮುಂದೆ ಬರಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ.

ಸಂಚಿಕೆ ಅಚ್ಚಿಗೆ ಹೋಗುವ ಮೊದಲು ನಾವು ಆ ಹಿರಿಯ ತಾಯಿಯವರ ಮನೆಗೆ ಮತ್ತೊಮ್ಮೆ ಹೋಗಿ, ತಮಗೆ ಎಲ್ಲಿರಲು ಇಷ್ಟವೆಂದು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ಎಲ್ಲೆ ಇದ್ರೂ ನಡದೀತ. ಗುಡಿ ಗಂಟಿ ಕೇಳೂವಷ್ಟ ದೂರದಾಗ ಇದ್ರ ಸಾಕ," ಎಂದರು. ಅವರ ಮಕ್ಕಳಿಗೆ ಆ ಮಾತನ್ನು ತಲುಪಿಸಿದ್ದೇವೆ. ತೀರ್ಮಾನ ಇನ್ನೂ ಆಗಿಲ್ಲ. ಆದರೆ ಈ ಸಲ ಆ ತಾಯಿಯವರನ್ನು ಕೂರಿಸಿಕೊಂಡೇ ಮಾತು ನಡೆಯುತ್ತಿದೆ.